ಕಲ್ಯದ ಶಿಲಾಶಾಸನವೂ ನಮ್ಮ ಕಾಲೇಜುಗಳ ಚರಿತ್ರಾಭ್ಯಾಸವೂ



ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ದೇವಾಲಯದ ಕಟ್ಟಡ, ಗಂಟೆ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಇವುಗಳನ್ನು ಕುರಿತು ಬರೆಯುವವರು ಬೇರೆ ಇದ್ದಾರೆ. ಆದುದರಿಂದ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ಅರಿಕೆ ಮಾಡುವುದು ಉಚಿತ.

ಪಾಸ್ಕ ಹಬ್ಬ ಕಳೆದ ಕೆಲವು ವಾರಗಳ ಮೇಲೆ, ಭಾನುವಾರದ ಪೂಜೆ ಮುಗಿದು ಜನರೆಲ್ಲ ಚದುರಿದ ನಂತರ, ನಮ್ಮ ಧರ್ಮಕೇಂದ್ರದ ರೈತರೊಬ್ಬರು ತಮ್ಮ ಮಗಳೊಡನೆ ಗುರುನಿವಾಸದ ಜಗಲಿಗೆ ಬಂದರು. ಹುಡುಗಿ ಪಿ.ಯು.ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ತೇರ್ಗಡೆಯಾಗಿದ್ದಳು. ಬೆಂಗಳೂರಿನ ಕಥೋಲಿಕ ಕಾಲೇಜೊಂದಕ್ಕೆ ಸೇರಿ ಚರಿತ್ರೆಯನ್ನೂ ಕನ್ನಡ ಸಾಹಿತ್ಯವನ್ನೂ ಓದಬೇಕೆಂಬುದು ಅವಳ ಬಯಕೆ. ತಂದೆಗೆ ಅದು ಸಮ್ಮತವಿರಲಿಲ್ಲ.

“ಸ್ವಾಮಿ, ಇದು ರೇಷ್ಮೆಗೂಡು ಮಾರಿದ ದುಡ್ಡು. ಕಾಮರ್ಸು ಓದಿದ್ರೆ ಎಲ್ಲಾದ್ರೂ ಲೆಕ್ಕ ಬರೆಯೋ ಕೆಲಸ ಸಿಗ್ತದೆ. ಸತ್ತೋದ ರಾಜರ ಕಥೆ ಓದಿ ಇವಳೇನು ಮಾಡ್ತಾಳೆ? ನೀವೇ ಒಂದು ಬುದ್ಧಿಮಾತು ಹೇಳಿ,” ಎಂದರು.

ಹುಡುಗಿ ತಲೆ ತಗ್ಗಿಸಿಕೊಂಡೇ, “ಸ್ವಾಮಿ, ಜ್ಞಾನೋಪದೇಶದ ಕ್ಲಾಸಲ್ಲಿ ಕಲ್ಯದ ಶಾಸನದ ವಿಷಯ ಹೇಳಿದ್ದು ನೀವೇ ಅಲ್ವಾ?” ಎಂದಳು.

ಆ ದಿನ ನಾವು ತಕ್ಕ ಉತ್ತರವನ್ನು ಕೊಡಲಿಲ್ಲ. “ಪ್ರಾರ್ಥನೆ ಮಾಡಿ, ಯೋಚಿಸೋಣ,” ಎಂದು ಹೇಳಿ ಕಳುಹಿಸಿದೆವು. ಗುರುಗಳಾದವರು ಉತ್ತರ ತೋಚದಿದ್ದಾಗ ಹೇಳುವ ಮಾತು ಇದೆಂಬುದು ನಿಮಗೂ ತಿಳಿದಿದೆ. ಆ ತಂದೆಗೆ ನಾವು ಕೊಡಬೇಕಾಗಿದ್ದ ಉತ್ತರವೇ ಈ ಲೇಖನ. ಅವರೊಬ್ಬರಿಗೇ ಅಲ್ಲ, ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಎಲ್ಲ ತಂದೆತಾಯಿಗಳಿಗೂ ಇದು ಸಲ್ಲಬೇಕು.

ಕಲ್ಯದ ಕಲ್ಲು ಏನು ಹೇಳುತ್ತದೆ?

ಕಲ್ಯ ಮಾಗಡಿ ತಾಲ್ಲೂಕಿನ ಒಂದು ಗ್ರಾಮ. ಇಂದು ಅದರ ಹೆಸರನ್ನು ಕೇಳಿದವರು ವಿರಳ. ಆದರೆ ಆರೂವರೆ ಶತಮಾನಗಳ ಹಿಂದೆ ಅದು ಜೈನರ ಒಂದು ಪಟ್ಟಣವಾಗಿತ್ತು. ಶಾಸನಗಳಲ್ಲಿ ಅದರ ಹೆಸರು ಕಲ್ಲೆಹ ಎಂದು ಬರುತ್ತದೆ. ವಿಜಯನಗರದ ಅರಸನಾದ ಒಂದನೆಯ ಬುಕ್ಕರಾಯನ ಕಾಲದಲ್ಲಿ, ಶಕವರ್ಷ ೧೨೯೦ರ ಕೀಲಕ ಸಂವತ್ಸರದಲ್ಲಿ, ಅಂದರೆ ಕ್ರಿಸ್ತಶಕ ೧೩೬೮ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಜೈನರು ತಮಗೆ ಅನ್ಯಾಯವಾಗಿದೆಯೆಂದು ಅರಸನಲ್ಲಿ ಬಿನ್ನವಿಸಿಕೊಂಡರು. ಆಗ ಬುಕ್ಕರಾಯನು ಕೊಟ್ಟ ತೀರ್ಪನ್ನು ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಲಾಯಿತು. ಅದರ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ. ಇನ್ನೊಂದು ದೊರೆತದ್ದು ನಮ್ಮ ನೆರೆಯ ಕಲ್ಯದಲ್ಲಿ.

ತೀರ್ಪಿನ ಸಾರಾಂಶವಿಷ್ಟು. ಅರಸನು ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಅವರ ಆಚಾರ್ಯರನ್ನೂ ಕರೆಯಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇರಿಸಿ, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದನು. ಜೈನರು ಪೂರ್ವದ ಮರ್ಯಾದೆಯಂತೆ ಪಂಚಮಹಾವಾದ್ಯಗಳನ್ನೂ ಕಲಶವನ್ನೂ ಬಳಸಬಹುದು. ಅವರಿಗೆ ಹಾನಿಯಾದರೆ ಅದನ್ನು ವೈಷ್ಣವರು ತಮಗಾದ ಹಾನಿಯೆಂದೇ ಬಗೆಯತಕ್ಕದ್ದು. ಈ ಕಟ್ಟಳೆಯ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸತಕ್ಕದ್ದು. ಬೆಳಗೊಳದ ಪಾಠದಲ್ಲಿ ಇನ್ನೂ ಕೆಲವು ವಿವರಗಳಿವೆ. ಜೈನರ ಪ್ರತಿಯೊಂದು ಮನೆಯೂ ವರ್ಷಕ್ಕೆ ಒಂದು ಹಣವನ್ನು ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯ ಎಂಬ ವೈಷ್ಣವ ಹಿರಿಯರು ಗೊಮ್ಮಟನ ಸನ್ನಿಧಿಯ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಜೈನರ ದೇವಾಲಯವನ್ನು ಕಾಯಿಸುವ ಹೊಣೆ ವೈಷ್ಣವರ ಮೇಲೆ ಬಿದ್ದುದನ್ನು ಓದುಗರು ಗಮನಿಸಬೇಕು.

ಅದೇ ಶಾಸನದ ಕೊನೆಯಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಎಂಬಾತನ ಹೆಸರು ಬರುತ್ತದೆ. ಆತನು ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು, ಕಟ್ಟಳೆಯನ್ನು ಮತ್ತೆ ಊರ್ಜಿತಗೊಳಿಸಿದನು. ಎರಡು ಸಮಯದವರೂ ಕೂಡಿ ಆತನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು. ಅರಸರ ಹೆಸರುಗಳು ಪಠ್ಯಪುಸ್ತಕಗಳಲ್ಲಿ ಉಳಿಯುತ್ತವೆ. ಆದರೆ ನಮ್ಮ ಸೀಮೆಯ ಒಬ್ಬ ವರ್ತಕನು ತನ್ನವರ ಅಳಲನ್ನು ಹೊತ್ತು ಅರಸನ ಬಳಿಗೆ ಹೋಗಿ ನ್ಯಾಯವನ್ನು ತಂದನೆಂಬುದು ಕಲ್ಲನ್ನು ಓದಬಲ್ಲವರಿಗೆ ಮಾತ್ರ ತಿಳಿಯುತ್ತದೆ.

ಕಲ್ಯದ ಹಿರಿಮೆ ಇಷ್ಟಕ್ಕೇ ಮುಗಿಯುವುದಿಲ್ಲ. ತೆಲುಗಿನಲ್ಲಿ ಬಸವಪುರಾಣವನ್ನೂ ಪಂಡಿತಾರಾಧ್ಯ ಚರಿತ್ರೆಯನ್ನೂ ರಚಿಸಿ, ಕನ್ನಡದಲ್ಲಿಯೂ ಬರೆದ ವೀರಶೈವ ಕವಿ ಪಾಲ್ಕುರಿಕೆ ಸೋಮನಾಥನು ಕಲ್ಯದಲ್ಲಿಯೇ ಐಕ್ಯನಾದನೆಂಬ ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ಅವನ ಬಸವಪುರಾಣವನ್ನು ಭೀಮಕವಿಯು ಕನ್ನಡಕ್ಕೆ ತಂದದ್ದು ೧೩೬೯ರಲ್ಲಿ, ಅಂದರೆ ಬುಕ್ಕರಾಯನ ತೀರ್ಪಿನ ಮರುವರ್ಷ. ಹೀಗೆ ಒಂದು ಚಿಕ್ಕ ಊರಿನ ನೆನಪಿನಲ್ಲಿ ಜೈನರು, ವೈಷ್ಣವರು, ವೀರಶೈವರು ಮೂವರೂ ಸೇರಿದ್ದಾರೆ. ಅಂದಿನ ಕಾಲದಲ್ಲಿ ವ್ಯಾಕರಣ, ಕಾವ್ಯ, ಪುರಾಣ ಮೊದಲಾದ ವಿದ್ಯೆಗಳು ನೆಲೆಸಿದ್ದುದು ಬಸದಿ, ಮಠ, ಅಗ್ರಹಾರಗಳಲ್ಲಿ. ಧರ್ಮದ ಆಶ್ರಯದಲ್ಲಿ ವಿದ್ಯೆ ಬೆಳೆಯುವುದು ನಮ್ಮ ನಾಡಿಗೆ ಹೊಸದಲ್ಲ. ಕ್ರೈಸ್ತ ಕಾಲೇಜುಗಳು ಅದೇ ದಾರಿಯಲ್ಲಿ ತಡವಾಗಿ ಬಂದು ಸೇರಿಕೊಂಡವು.

ಧರ್ಮಸಭೆಯೂ ಚರಿತ್ರೆಯ ವ್ಯಾಸಂಗವೂ

ಚರಿತ್ರೆಯ ಅಭ್ಯಾಸವು ವಿಶ್ವಾಸಕ್ಕೆ ಅಪಾಯಕರವೆಂದು ಭಾವಿಸುವವರು ನಮ್ಮಲ್ಲಿ ಇಂದಿಗೂ ಕೆಲವರಿದ್ದಾರೆ. ಸಂತ ಲೂಕನು ತನ್ನ ಶುಭಸಂದೇಶದ ಆರಂಭದಲ್ಲಿಯೇ, ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ತಾನು ಮೊದಲಿನಿಂದ ವಿಚಾರಿಸಿ ತಿಳಿದು ಕ್ರಮವಾಗಿ ಬರೆಯುತ್ತಿರುವುದಾಗಿ ಹೇಳುತ್ತಾನೆ. ವಿಚಾರಿಸುವುದು, ಕ್ರಮವಾಗಿ ಬರೆಯುವುದು ಎಂಬ ಈ ಎರಡು ಕೆಲಸಗಳೇ ಚರಿತ್ರೆಕಾರನ ಕಸುಬು.

ಹದಿಮೂರನೆಯ ಲಿಯೋ ಜಗದ್ಗುರುಗಳು ೧೮೮೧ರಲ್ಲಿ ವ್ಯಾಟಿಕನ್ನಿನ ಪತ್ರಾಗಾರವನ್ನು ವಿದ್ವಾಂಸರಿಗೆ ತೆರೆದರು. ೧೮೮೩ರಲ್ಲಿ ಚರಿತ್ರೆಯ ವ್ಯಾಸಂಗವನ್ನು ಕುರಿತು ಬರೆದ ಪತ್ರದಲ್ಲಿ ಅವರು ಪ್ರಾಚೀನ ರೋಮಿನ ಸಿಸೆರೋನ ಅಭಿಪ್ರಾಯವನ್ನೇ ನೆನಪಿಸಿದರು. ಸುಳ್ಳನ್ನು ಹೇಳುವ ಧೈರ್ಯ ಚರಿತ್ರೆಕಾರನಿಗೆ ಇರಬಾರದು, ಸತ್ಯವನ್ನು ಹೇಳಲು ಅವನು ಅಂಜಬಾರದು ಎಂಬುದು ಅದರ ತಾತ್ಪರ್ಯ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣವನ್ನು ಕುರಿತ ಘೋಷಣೆಯನ್ನೂ, ಇತರ ಧರ್ಮಗಳೊಡನೆ ಧರ್ಮಸಭೆಗಿರುವ ಸಂಬಂಧವನ್ನು ಕುರಿತ ಘೋಷಣೆಯನ್ನೂ ಹೊರಡಿಸಿದ್ದು ಒಂದೇ ದಿನ, ೧೯೬೫ರ ಅಕ್ಟೋಬರ್ ೨೮ರಂದು. ಈ ಎರಡು ಘೋಷಣೆಗಳನ್ನು ಜೊತೆಯಲ್ಲಿಟ್ಟು ಓದಿದರೆ ನಮ್ಮ ಕಾಲೇಜುಗಳು ಹೇಗಿರಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಸತ್ಯಕ್ಕೆ ಅಂಜಬಾರದೆಂಬ ನಿಯಮ ನಮ್ಮವರಿಗೂ ಅನ್ವಯಿಸುತ್ತದೆ. ಟಿಪ್ಪುಸುಲ್ತಾನನು ಮಡಿದ ಬಳಿಕ ಮೈಸೂರು ಸೀಮೆಯ ಕ್ರೈಸ್ತರ ನಡುವೆ ದುಡಿದ ಫ್ರೆಂಚ್ ಗುರು ಅಬ್ಬೆ ದುಬುವಾ ಅವರನ್ನು ನಮ್ಮ ಹಿರಿಯರು ಗೌರವದಿಂದ ಸ್ಮರಿಸುತ್ತಾರೆ. ಸಿಡುಬಿಗೆ ದೇವಿ ಹಾಕಿಸುವ ಕಾರ್ಯದಲ್ಲಿ ಅವರು ಪಟ್ಟ ಶ್ರಮ ಸ್ತುತ್ಯ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥ ಜಗದ್ವಿಖ್ಯಾತವಾಯಿತು. ಆದರೆ ೧೯೮೭ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ಅವರು, ಆ ಗ್ರಂಥದ ಬಹುಭಾಗಕ್ಕೆ ಮೂಲ ಪಾಂಡಿಚೇರಿಯ ಯೇಸುಸಭೆಯ ಗುರು ಕೂರ್ದು ಅವರ ಹಳೆಯ ಬರವಣಿಗೆ ಎಂಬುದನ್ನು ಹಸ್ತಪ್ರತಿಯ ಆಧಾರದಿಂದ ತೋರಿಸಿದರು. ಇದನ್ನು ನಮ್ಮ ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ದುಬುವಾ ಗುರುಗಳ ಸೇವೆ ಇದರಿಂದ ಅಳಿಯುವುದಿಲ್ಲ. ಹೆಸರಿಲ್ಲದೆ ಹೋಗಿದ್ದ ಇನ್ನೊಬ್ಬ ಗುರುವಿಗೆ ಸಲ್ಲಬೇಕಾದದ್ದು ಸಂದಿತು, ಅಷ್ಟೆ.

ನಮ್ಮ ಕಾಲೇಜುಗಳಲ್ಲಿ ನಡೆದ ಕೆಲಸ

ಕಲ್ಯದ ಶಾಸನವು ಅಚ್ಚಿನಲ್ಲಿ ನಮಗೆ ದೊರೆತದ್ದು ಬಿ. ಎಲ್. ರೈಸ್ ಅವರಿಂದ. ಅವರು ಲಂಡನ್ ಮಿಷನ್ನಿನ ಪ್ರಾಟೆಸ್ಟೆಂಟ್ ಬೋಧಕರೊಬ್ಬರ ಮಗ. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದವರು. ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳ ಕಲ್ಲುಗಳ ಅಚ್ಚು ತೆಗೆಯಿಸಿ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಒಂಬತ್ತನೆಯ ಸಂಪುಟವು ೧೯೦೫ರಲ್ಲಿ ಹೊರಬಂದಿತು. ಅದರಲ್ಲಿ ಮಾಗಡಿ ತಾಲ್ಲೂಕಿನ ಹದಿನೆಂಟನೆಯ ಶಾಸನವೇ ಕಲ್ಯದ್ದು. ಜೈನರಿಗೂ ವೈಷ್ಣವರಿಗೂ ಆದ ಒಪ್ಪಂದವನ್ನು ಕ್ರೈಸ್ತ ಬೋಧಕರ ಮಗನು ಲೋಕಕ್ಕೆ ಓದಿಸಿದನು.

ಕಥೋಲಿಕ ಕಾಲೇಜುಗಳಲ್ಲಿಯೂ ಇಂತಹ ಕೆಲಸ ನಡೆದಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಇಟಲಿಯ ಯೇಸುಸಭೆಯ ಗುರುಗಳು ೧೮೮೦ರಲ್ಲಿ ಸ್ಥಾಪಿಸಿದರು. ಅಲ್ಲಿ ಕನ್ನಡ ಪಂಡಿತರಾಗಿದ್ದ ಮುಳಿಯ ತಿಮ್ಮಪ್ಪಯ್ಯನವರು ೧೯೩೮ರಲ್ಲಿ ‘ನಾಡೋಜ ಪಂಪ’ ಎಂಬ ವಿಮರ್ಶಾಗ್ರಂಥವನ್ನು ಪ್ರಕಟಿಸಿದರು. ಪಂಪನನ್ನು ಅಭ್ಯಾಸ ಮಾಡುವವರು ಇಂದಿಗೂ ಆ ಗ್ರಂಥವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಛಂದಸ್ಸಿನ ವಿಷಯದಲ್ಲಿ ಪ್ರಮಾಣಭೂತರೆನಿಸಿದ ಸೇಡಿಯಾಪು ಕೃಷ್ಣಭಟ್ಟರೂ ಅದೇ ವಿದ್ಯಾಸಂಸ್ಥೆಯಲ್ಲಿ ಕನ್ನಡ ಪಂಡಿತರಾಗಿದ್ದರು. ಕ್ರೈಸ್ತ ಗುರುಗಳು ನಡೆಸುತ್ತಿದ್ದ ಕಾಲೇಜಿನಲ್ಲಿ, ವೈದಿಕ ಮನೆತನದ ಪಂಡಿತರು, ಹತ್ತನೆಯ ಶತಮಾನದ ಜೈನ ಕವಿಯನ್ನು ಕ್ರೈಸ್ತ, ಹಿಂದೂ, ಮುಸಲ್ಮಾನ ಹುಡುಗರಿಗೆ ಪಾಠ ಹೇಳಿದರು. ಬುಕ್ಕರಾಯನು ಕೈಯಲ್ಲಿ ಕೈ ಇರಿಸಿ ಮಾಡಿದ ಕಾರ್ಯವು ಅಲ್ಲಿ ಪಾಠದ ಕೋಣೆಯಲ್ಲಿ ಸದ್ದಿಲ್ಲದೆ ನಡೆದಿತ್ತು.

ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿಗೆ ೧೯೨೨ರಲ್ಲಿ ಸ್ಪೇನ್ ದೇಶದಿಂದ ಬಂದ ಯೇಸುಸಭೆಯ ಗುರು ಹೆನ್ರಿ ಹೆರಾಸ್ ಅವರ ವಿಷಯದಲ್ಲಿ ಒಂದು ಮಾತು ಪ್ರಸಿದ್ಧವಾಗಿದೆ. ಯಾವ ಚರಿತ್ರೆಯನ್ನು ಬೋಧಿಸುವಿರಿ ಎಂದು ಕೇಳಿದಾಗ ಅವರು ಭಾರತದ ಚರಿತ್ರೆ ಎಂದರಂತೆ. ಅದರಲ್ಲಿ ನಿಮಗೆ ಏನು ತಿಳಿದಿದೆ ಎಂದರೆ, ಏನೂ ಇಲ್ಲ, ಕಲಿಯುತ್ತೇನೆ ಎಂದರಂತೆ. ಹಾಗೆ ಕಲಿತವರು ೧೯೨೬ರಲ್ಲಿ ಅಲ್ಲಿ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯನ್ನು ಕಟ್ಟಿದರು. ೧೯೨೭ರಲ್ಲಿ ವಿಜಯನಗರದ ಅರವೀಡು ಮನೆತನವನ್ನು ಕುರಿತೂ, ೧೯೨೯ರಲ್ಲಿ ವಿಜಯನಗರದ ಆರಂಭಕಾಲವನ್ನು ಕುರಿತೂ ಗ್ರಂಥಗಳನ್ನು ಬರೆದರು. ಅವರ ಶಿಷ್ಯರಾದ ಜಾರ್ಜ್ ಮೊರಾಯಸ್ ಅವರು ೧೯೩೧ರಲ್ಲಿ ಬನವಾಸಿಯ ಕದಂಬರ ಚರಿತ್ರೆಯನ್ನು ‘ಕದಂಬ ಕುಲ’ ಎಂಬ ಹೆಸರಿನಿಂದ ಪ್ರಕಟಿಸಿದರು. ಕನ್ನಡ ನಾಡಿನ ಮೊದಲ ರಾಜಮನೆತನದ ಚರಿತ್ರೆಗೆ ಒಂದು ಕಥೋಲಿಕ ಕಾಲೇಜು ಹೀಗೆ ನೆರವಾಯಿತು.

ಬೆಂಗಳೂರಿನಲ್ಲಿ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ೧೮೮೨ರಲ್ಲಿ ಸ್ಥಾಪಿಸಿದ ಸಂತ ಜೋಸೆಫರ ಕಾಲೇಜನ್ನು ೧೯೩೭ರಲ್ಲಿ ಯೇಸುಸಭೆಯವರು ವಹಿಸಿಕೊಂಡರು. ೨೦೨೨ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಹೆಣ್ಣುಮಕ್ಕಳಿಗಾಗಿ ಮಂಗಳೂರಿನಲ್ಲಿ ೧೯೨೧ರಲ್ಲಿ ಸಂತ ಆಗ್ನೆಸರ ಕಾಲೇಜು, ಬೆಂಗಳೂರಿನಲ್ಲಿ ೧೯೪೮ರಲ್ಲಿ ಮೌಂಟ್ ಕಾರ್ಮೆಲ್ ಕಾಲೇಜು ಆರಂಭವಾದವು. ಹೆಣ್ಣುಮಗಳಿಗೆ ಕಾಲೇಜು ಏತಕ್ಕೆ ಎಂದು ಆ ದಿನಗಳಲ್ಲಿ ಕೇಳಿದ ತಂದೆಯರು ಎಷ್ಟಿದ್ದರೋ! ಧರ್ಮಭಗಿನಿಯರು ಅವರ ಪ್ರಶ್ನೆಗೆ ಕಟ್ಟಡ ಕಟ್ಟಿ ಉತ್ತರ ಕೊಟ್ಟರು.

ಬರವಣಿಗೆಯ ವಿಷಯದಲ್ಲಿ, ೧೯೬೯ರಲ್ಲಿ ಕಾರ್ಮೆಲ್ ಸಭೆಯ ಗುರುಗಳು ಬೆಂಗಳೂರಿನಲ್ಲಿ ಸ್ಥಾಪಿಸಿದ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವನ್ನು ಅವಶ್ಯ ನೆನೆಯಬೇಕು. ಅಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಚಿ. ಶ್ರೀನಿವಾಸರಾಜು ಅವರು ಅನ್ಯಭಾಷಿಕರೇ ಹೆಚ್ಚಾಗಿದ್ದ ನಗರದ ಆ ಕಾಲೇಜನ್ನು ಕನ್ನಡದ ಒಂದು ಪ್ರಕಾಶನ ಮಂದಿರವನ್ನಾಗಿ ಮಾಡಿದರು. ಬೇಂದ್ರೆಯವರ ಹೆಸರಿನಲ್ಲಿ ನಾಡಿನ ಕಾಲೇಜು ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆಯನ್ನು ನಡೆಸಿ, ಬಂದ ಕವನಗಳಲ್ಲಿ ಆಯ್ದವನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತಿದ್ದರು. ಹಳ್ಳಿಯಿಂದ ಬಂದ ಹುಡುಗನೊಬ್ಬನು ತನ್ನ ಹೆಸರನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ಕಾಣುವುದೆಂದರೆ ಅವನ ಬಾಳಿನಲ್ಲಿ ಅದು ಸಾಮಾನ್ಯ ಸಂಗತಿಯಲ್ಲ. ೨೦೦೭ರಲ್ಲಿ ಶ್ರೀನಿವಾಸರಾಜು ಅವರು ನಿಧನರಾದರು. ಅವರು ಕ್ರೈಸ್ತರಲ್ಲ. ಆದರೂ ನಮ್ಮ ಕಾಲೇಜುಗಳ ಚರಿತ್ರೆಯಲ್ಲಿ ಅವರಿಗೆ ಸಲ್ಲತಕ್ಕ ಸ್ಥಾನ ದೊಡ್ಡದು.

ಚರಿತ್ರೆ ಓದುವುದೆಂದರೇನು?

ಸತ್ತ ರಾಜರ ಕಥೆಗಳನ್ನು ಬಾಯಿಪಾಠ ಮಾಡುವುದೇ ಚರಿತ್ರೆಯಾಗಿದ್ದರೆ ಆ ತಂದೆಯ ಮಾತನ್ನು ನಾವೂ ಒಪ್ಪುತ್ತಿದ್ದೆವು. ಗುರುಮಠದಲ್ಲಿ ನಾವು ವ್ಯಾಸಂಗ ಮಾಡುತ್ತಿದ್ದಾಗ ಧರ್ಮಸಭೆಯ ಚರಿತ್ರೆಯನ್ನು ಬೋಧಿಸುತ್ತಿದ್ದ ಗುರುಗಳೊಬ್ಬರು ನಮಗೆ ಕಲ್ಯದ ಶಾಸನದ ಪಾಠವನ್ನು ಕೊಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳಿದರು. ಇದರ ಕಾಲವನ್ನು ನಿನಗೆ ಯಾರು ಹೇಳಿದರು? ಇದು ಯಾರ ಮಾತು? ಇದೇ ಸಂಗತಿಯನ್ನು ಹೇಳುವ ಬೇರೊಂದು ಸಾಕ್ಷಿ ಇದೆಯೆ? ಇದರಲ್ಲಿ ಹೇಳದೆ ಬಿಟ್ಟದ್ದು ಏನು?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಶಕವರ್ಷಕ್ಕೆ ೭೮ನ್ನು ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆ. ಸಂವತ್ಸರದ ಹೆಸರು ಅದಕ್ಕೆ ಹೊಂದಿಕೊಂಡರೆ ಲೆಕ್ಕ ಸರಿ. ಎರಡನೆಯದಕ್ಕೆ ಉತ್ತರ, ಇದು ಅರಸನ ಮಾತು. ಮೂರನೆಯದಕ್ಕೆ, ಬೆಳಗೊಳದ ಪ್ರತಿ. ನಾಲ್ಕನೆಯ ಪ್ರಶ್ನೆಯಲ್ಲಿ ನಾವು ಸೋತೆವು. ಆಗ ಗುರುಗಳು ನಮಗೆ ತಿಳಿಯಹೇಳಿದರು. ಅನ್ಯಾಯವಾಯಿತೆಂದು ಕಲ್ಲು ಹೇಳುತ್ತದೆ. ಆದರೆ ಯಾವ ಊರಿನಲ್ಲಿ ಯಾರಿಗೆ ಪೆಟ್ಟು ಬಿತ್ತು, ಯಾರ ಮನೆ ಹಾಳಾಯಿತು ಎಂಬುದನ್ನು ಹೇಳುವುದಿಲ್ಲ. ರಾಜಿಯ ದಿನದ ಮಾತು ಅದರಲ್ಲಿದೆ. ಹತ್ತು ವರ್ಷಗಳ ಅನಂತರ ಆ ಮಾತು ನಡೆಯಿತೋ ಇಲ್ಲವೋ ಎಂಬುದು ಅದರಲ್ಲಿಲ್ಲ. ಆದುದರಿಂದ ಶಾಸನವನ್ನು ಮೆಚ್ಚಬೇಕು, ಜೊತೆಗೆ ಶಂಕಿಸಲೂ ಬೇಕು. ಈ ಅಭ್ಯಾಸ ಬಂದವನು ಕಲ್ಲನ್ನಷ್ಟೇ ಅಲ್ಲ, ಸಾಲಪತ್ರವನ್ನೂ ಪಹಣಿಯನ್ನೂ ಚುನಾವಣೆಯ ಭಾಷಣವನ್ನೂ ಹಾಗೆಯೇ ಓದುತ್ತಾನೆ.

ಸಾಹಿತ್ಯದ ಅಭ್ಯಾಸವೂ ಹೀಗೆಯೇ. ತನ್ನದಲ್ಲದ ವಿಶ್ವಾಸವುಳ್ಳವನ ಅಂತರಂಗದೊಳಗೆ ಸ್ವಲ್ಪ ಹೊತ್ತು ನಿಂತು ನೋಡುವ ಶಕ್ತಿಯನ್ನು ಅದು ಕೊಡುತ್ತದೆ. ಗಡಿನಾಡಾದ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ ಅವರು ಪ್ರಭು ಯೇಸುವಿನ ಶಿಲುಬೆಯ ಮರಣವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಕನ್ನಡಕ್ಕೆ ಕೊಟ್ಟರು. ನಮ್ಮ ವಿಶ್ವಾಸವನ್ನು ಅವರು ಅಷ್ಟು ಶ್ರದ್ಧೆಯಿಂದ ಅರಿತುಕೊಂಡಾಗ, ನಮ್ಮ ಮಕ್ಕಳು ಪಂಪನನ್ನೂ ಸೋಮನಾಥನನ್ನೂ ಬಸವಣ್ಣನವರನ್ನೂ ಅದೇ ಶ್ರದ್ಧೆಯಿಂದ ಓದುವುದು ನ್ಯಾಯವಲ್ಲವೆ?

ನಮ್ಮದೇ ಒಂದು ತಪ್ಪು

ಇಲ್ಲಿ ನಾವು ನಮ್ಮ ತಪ್ಪೊಂದನ್ನು ನಿವೇದಿಸಿಕೊಳ್ಳಬೇಕಾಗಿದೆ. ಶಾಸನದಲ್ಲಿ ಜಿನಾಲಯಕ್ಕೆ ಸುಣ್ಣ ಬಳಿಸುವ ಸಂಗತಿಯನ್ನು ಓದಿದಾಗಲೆಲ್ಲ ಅದು ನಮ್ಮ ನೆನಪಿಗೆ ಬರುತ್ತದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದೆವು. ಪಾಲಕ ಸಂತರ ಹಬ್ಬಕ್ಕಾಗಿ ದೇವಾಲಯಕ್ಕೂ ಗುರುನಿವಾಸಕ್ಕೂ ಸುಣ್ಣ ಬಳಿಸಿದೆವು. ಪೂಜಾವಸ್ತ್ರಗಳ ಕೋಣೆಯ ಅಟ್ಟದ ಮೇಲೆ ಗೆದ್ದಲು ಹಿಡಿದ ಒಂದು ಗಂಟಿನಲ್ಲಿ ಹಳೆಯ ನೋಟು ಪುಸ್ತಕಗಳಿದ್ದವು. ಬಹಳ ಹಿಂದೆ ಅಲ್ಲಿ ಉಪದೇಶಿಗಳಾಗಿದ್ದವರೊಬ್ಬರ ಕೈಬರಹ ಅದು. ನಾವು ಎರಡು ಪುಟ ತಿರುವಿ ನೋಡಿದೆವು. ಯಾವ ಮನೆಯವರು ಯಾವ ಊರಿನಿಂದ ಬಂದು ನೆಲೆಸಿದರು, ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, ಅಂದರೆ ೧೮೭೬-೭೮ರಲ್ಲಿ, ಯಾರು ಯಾರನ್ನು ಕಳೆದುಕೊಂಡರು ಎಂದು ಹಿರಿಯರಿಂದ ಕೇಳಿ ಬರೆದುಕೊಂಡ ವಿವರಗಳಿದ್ದವು. ನಡುನಡುವೆ ಅವರೇ ಕಟ್ಟಿದ ಹಾಡುಗಳಿದ್ದವು. ಹಬ್ಬದ ಗಡಿಬಿಡಿಯಲ್ಲಿ ಅದನ್ನು ಬದಿಗಿಡಲೂ ನಮಗೆ ಪುರಸೊತ್ತಿರಲಿಲ್ಲ. ಹಳೆಯ ಕಾಗದ ಕೊಳ್ಳುವವನು ಬಂದಾಗ ಉಳಿದ ರದ್ದಿಯೊಡನೆ ಅದನ್ನೂ ತೂಕಕ್ಕೆ ಹಾಕಿಸಿದೆವು.

ಎರಡು ವರ್ಷಗಳ ನಂತರ ಒಬ್ಬ ವೃದ್ಧೆ ಕೋಲೂರಿಕೊಂಡು ಬಂದರು. “ಸ್ವಾಮಿ, ನಮ್ಮ ತಾತ ಬರೆದ ಪಾಡುಗಳ ಪುಸ್ತಕ ಗುಡೀಲಿ ಇದೆಯಂತೆ. ಮೊಮ್ಮಗಳ ಮದುವೇಲಿ ಒಂದು ಪಾಡು ಹಾಡಿಸ್ಬೇಕು. ನನಗೆ ಎರಡೇ ಸಾಲು ನೆನಪಿದೆ,” ಎಂದರು. ಆ ತಾಯಿಗೆ ನಾವು ಏನು ಹೇಳಿದೆವೆಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಗುರುಮಠದಲ್ಲಿ ಶಾಸನವನ್ನು ಓದಿ ನಾಲ್ಕು ಪ್ರಶ್ನೆಗಳನ್ನು ಕಲಿತವರು ನಾವು. ಆದರೂ ನಮ್ಮ ಮಾಡಿನ ಕೆಳಗೇ ಇದ್ದ ಶಾಸನವನ್ನು ಗುರುತಿಸಲಿಲ್ಲ. ಕಲ್ಲಿನಲ್ಲಿದ್ದರೆ ಮಾತ್ರ ಚರಿತ್ರೆ, ಅರಸನದಾದರೆ ಮಾತ್ರ ಚರಿತ್ರೆ ಎಂಬ ಭ್ರಮೆ ನಮ್ಮಲ್ಲಿತ್ತು.

ಈ ಶತಮಾನೋತ್ಸವಕ್ಕಾಗಿ ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಸಮಿತಿಯವರೊಡನೆ ಕುಳಿತು ನೋಡಿದೆವು. ಮೊದಲಿನ ಪುಟಗಳು ಲತೀನ್ ಭಾಷೆಯಲ್ಲಿವೆ. ಹಾಳೆಗಳು ಮುಟ್ಟಿದರೆ ಪುಡಿಯಾಗುವಂತಿವೆ. ನೂರು ವರ್ಷಗಳ ನಮ್ಮ ಜನರ ಹುಟ್ಟು ಸಾವು, ಹೆಸರು ಕುಲ, ಬಂದ ಊರು ಎಲ್ಲವೂ ಅವುಗಳಲ್ಲಿ ಅಡಗಿವೆ. ಅವನ್ನು ಓದಿ, ಕನ್ನಡದಲ್ಲಿ ಕ್ರಮವಾಗಿ ಬರೆದು, ಹಿರಿಯರ ಬಾಯಿಮಾತಿನೊಡನೆ ಹೋಲಿಸಿ ನೋಡಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಲೆಕ್ಕ ಬಲ್ಲವರು ಇದ್ದಾರೆ, ಯಂತ್ರ ಬಲ್ಲವರು ಇದ್ದಾರೆ, ದೂರದೇಶಗಳಲ್ಲಿ ದುಡಿಯುವ ದಾದಿಯರೂ ಇದ್ದಾರೆ. ದೇವರಿಗೆ ಸ್ತೋತ್ರ. ಆದರೆ ಈ ಕೆಲಸಕ್ಕೆ ಒಬ್ಬರೂ ಇಲ್ಲ. ಈ ಸಂಚಿಕೆಯ ಧರ್ಮಕೇಂದ್ರದ ಚರಿತ್ರೆ ಹಲವು ಕಡೆ ತೆಳುವಾಗಿರುವುದಕ್ಕೆ ಕಾರಣ ಇದೇ.

ತಂದೆಗೆ ನಮ್ಮ ಉತ್ತರ

ಈಗ ಆ ತಂದೆಗೆ ಹೇಳುತ್ತೇವೆ. ಅಪ್ಪಾ, ನಿಮ್ಮ ಭಯ ಸುಳ್ಳಲ್ಲ. ಕಲಾ ವಿಭಾಗದಲ್ಲಿ ಓದಿದವರೆಲ್ಲರಿಗೂ ಕೆಲಸ ಕಾದಿರುತ್ತದೆಂದು ಹೇಳಿದರೆ ನಾವು ನಿಮ್ಮನ್ನು ವಂಚಿಸಿದಂತಾಗುತ್ತದೆ. ಶಾಲಾ ಕಾಲೇಜುಗಳ ಅಧ್ಯಾಪನ, ಪತ್ರಿಕೆ, ಪತ್ರಾಗಾರ, ಗ್ರಂಥಾಲಯ, ಭಾಷಾಂತರ, ಸರ್ಕಾರದ ಸ್ಪರ್ಧಾತ್ಮಕ ಪರೀಕ್ಷೆಗಳು ಹೀಗೆ ದಾರಿಗಳು ಹಲವು ಇವೆ. ಆದರೆ ಯಾವುದೂ ಸುಗಮವಲ್ಲ, ಶ್ರಮಪಟ್ಟು ನಡೆಯಬೇಕು. ನಿಮ್ಮ ರೇಷ್ಮೆಗೂಡಿನ ಹಣದ ಬೆಲೆ ನಮಗೆ ತಿಳಿದಿದೆ. ಗೂಡಿನ ದರ ಇಂದು ಒಂದು, ನಾಳೆ ಇನ್ನೊಂದು. ಆದರೂ ನೀವು ಹಿಪ್ಪುನೇರಳೆಯನ್ನು ಕಿತ್ತುಹಾಕಿಲ್ಲ.

ನಿಮ್ಮ ಮಗಳು ಚರಿತ್ರೆಯನ್ನು ಕೇಳುತ್ತಿರುವುದು ನಮ್ಮ ಮಾತನ್ನು ಕೇಳಿ. ಆದುದರಿಂದ ಇದರಲ್ಲಿ ನಮ್ಮ ಹೊಣೆಯೂ ಇದೆ. ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದೆ ಎರಡು ಸಲಹೆಗಳನ್ನು ಇಟ್ಟಿದ್ದೇವೆ. ಶತಮಾನೋತ್ಸವದ ನಿಧಿಯಲ್ಲಿ ಒಂದು ಭಾಗವನ್ನು, ಚರಿತ್ರೆ ಮತ್ತು ಕನ್ನಡವನ್ನು ಓದಬಯಸುವ ನಮ್ಮ ಬಡ ಮಕ್ಕಳ ಕಾಲೇಜು ಶುಲ್ಕಕ್ಕೆ ತೆಗೆದಿರಿಸಬೇಕು ಎಂಬುದು ಮೊದಲನೆಯದು. ನಮ್ಮ ಹಳೆಯ ಪುಸ್ತಕಗಳಿಗೆ ಗೆದ್ದಲು ಬಾರದ ಒಂದು ಬೀರುವನ್ನು ಮಾಡಿಸಬೇಕು ಎಂಬುದು ಎರಡನೆಯದು. ಗೋಪುರಕ್ಕೆ ಬಣ್ಣ ಮುಂದಿನ ವರ್ಷ ಬಳಿದರೂ ನಡೆಯುತ್ತದೆ.

ಬುಸುವಿಸೆಟ್ಟಿ ಅರಸನ ಬಳಿಗೆ ಹೋಗದಿದ್ದರೆ ನ್ಯಾಯ ದೊರೆಯುತ್ತಿರಲಿಲ್ಲ. ನ್ಯಾಯವನ್ನು ಕಲ್ಲಿನಲ್ಲಿ ಬರೆಯಿಸದಿದ್ದರೆ ಅದು ನಮ್ಮವರೆಗೆ ತಲಪುತ್ತಿರಲಿಲ್ಲ. ಬರೆದದ್ದನ್ನು ಓದುವವರು ಇಲ್ಲದಿದ್ದರೆ ಕಲ್ಯದ ಆ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತಿತ್ತು. ನಮ್ಮ ಕಾಲೇಜುಗಳು ಇರುವುದು ಇಂತಹ ಓದುಗರನ್ನೂ ಬರಹಗಾರರನ್ನೂ ನಾಡಿಗೆ ಕೊಡುವುದಕ್ಕಾಗಿ. ಅವರಲ್ಲಿ ಒಬ್ಬಳು ನಮ್ಮ ಧರ್ಮಕೇಂದ್ರದವಳಾಗಲಿ.

ಕಾಲೇಜಿನ ಅರ್ಜಿಯನ್ನು ತುಂಬಿ ತನ್ನಿ. ನಮ್ಮ ಶಿಫಾರಸು ಪತ್ರ ಬರೆದು ಸಿದ್ಧವಾಗಿದೆ. ಆ ಮಗಳು ಓದು ಮುಗಿಸಿ ಮರಳಿದಾಗ ಬೀರುವಿನ ಬೀಗದ ಕೈಯನ್ನು ಅವಳಿಗೆ ಒಪ್ಪಿಸುವ ಭಾಗ್ಯವನ್ನು ದೇವರು ನಮಗಾಗಲಿ, ನಮ್ಮ ಸ್ಥಾನಕ್ಕೆ ಬರುವ ಗುರುಗಳಿಗಾಗಲಿ ಅನುಗ್ರಹಿಸಲಿ. ದೇವರ ಆಶೀರ್ವಾದ ನಿಮ್ಮೆಲ್ಲರ ಮೇಲಿರಲಿ.